ಟ್ರಿಗರ್ ಮೇಲಿನ ಗೀರು, ಬೆರಳ ತುದಿಯ ಬೊಬ್ಬೆ



ಈ ಸಲದ ವಿಷಯ ನಾವು ಆರಿಸಿಕೊಂಡಿದ್ದಲ್ಲ. ಸೀಡರ್ ಪಾರ್ಕ್‌ನಲ್ಲೇ ಇರೋ ಒಬ್ಬ ಕೇಳುಗರು, ನಾವು ಅಕ್ಕ ಅಂತ ಕರೆಯೋರು, ಗಣೇಶನ ಹಬ್ಬದ ಊಟದ ಸಾಲಿನಲ್ಲಿ ನಮ್ಮ ಮುಂದೆ ಬಲಗೈ ತೋರುಬೆರಳು ಹಿಡಿದರು. ಬೆರಳ ತುದಿಯ ಮೆತ್ತನೆ ಭಾಗದಲ್ಲಿ ಒಂದು ಬೊಬ್ಬೆ, ಅದರ ಪಕ್ಕದಲ್ಲಿ ಸಾಲಾಗಿ ಮೂರು ಕೆಂಪು ಗೆರೆ. "ನೀವು ಬಯಾಲಜಿಯವರಲ್ವಾ, ಇದು ಯಾಕೆ ಹೀಗಾಗುತ್ತೆ ಹೇಳಿ" ಅಂದರು. ಒಲೆಯೋ ಇಸ್ತ್ರಿಪೆಟ್ಟಿಗೆಯೋ ತಾಗಿರಬೇಕು ಅಂದುಕೊಂಡೆವು. ಅದಲ್ಲ. ಅಕ್ಕ ನಿವೃತ್ತಿಯಾದ ಮೇಲೆ ಗುರಿ ಹೊಡೆಯೋ ಹವ್ಯಾಸ ಹಿಡಿದಿದ್ದಾರೆ. ಹಳೆಯ ರಿವಾಲ್ವರ್ ಒಂದನ್ನು ಕೊಂಡಿದ್ದಾರೆ, ಸ್ಮಿತ್ ಅಂಡ್ ವೆಸನ್‌ನ ಮಾಡೆಲ್ 10. ಶನಿವಾರ ರೇಂಜ್‌ಗೆ ಹೋಗಿ ನೂರು ಗುಂಡು ಹೊಡೆದು ಬಂದರೆ ಬೆರಳು ಹೀಗಾಗುತ್ತಂತೆ. ಟ್ರಿಗರ್ ಮುಖದ ಮೇಲೆ ಉದ್ದುದ್ದ ಹಲ್ಲುಗೀರುಗಳಿವೆ, ಅವನ್ನು ಮನೆಯಲ್ಲೇ ಉಜ್ಜಿ ನಯ ಮಾಡಿ ಮತ್ತೆ ಕಪ್ಪು ಬಣ್ಣ ಹಾಕಬಹುದಾ, ಇದು ಅವರ ಎರಡನೇ ಪ್ರಶ್ನೆ. ಬಣ್ಣದ ಬಾಟಲಿ ಆಗಲೇ ಗ್ಯಾರೇಜ್‌ನ ಕೆಳಗಿನ ಶೆಲ್ಫ್‌ನಲ್ಲಿ ಬಂದು ಕೂತಿತ್ತು. ಮನೆಯಲ್ಲಿ ಎರಡೂವರೆ ವರ್ಷದ ಮೊಮ್ಮಗ. ಆ ಬಾಟಲಿ ವಿಷಯ ಕೇಳಿದ ಮೇಲೆ ನಮಗೆ ಪಾಯಸ ರುಚಿಸಲಿಲ್ಲ. ಯಾಕೆ ಅಂತ ಮುಂದೆ ಹೇಳ್ತೀವಿ.

ಬಂದೂಕು ಇರಬೇಕಾ ಬೇಡವಾ ಅನ್ನೋ ಚರ್ಚೆಗೆ ಇವತ್ತು ನಾವು ಇಳಿಯೋದಿಲ್ಲ. ಅದನ್ನು ನೀವು ಊಟದ ಮೇಜಿನಲ್ಲಿ ಮಾಡಿಕೊಳ್ಳಿ. ಅಕ್ಕನ ಕೈಯಲ್ಲಿ ರಿವಾಲ್ವರ್ ಇದೆ, ಬೆರಳಲ್ಲಿ ಬೊಬ್ಬೆ ಇದೆ, ನಾವು ಶುರು ಮಾಡೋದು ಅಲ್ಲಿಂದ.

ಮೊದಲು ಒಂದು ಪದದ ಮಾತು. ಮಲೆನಾಡಿನ ಕೋವಿಯ ಕತೆಗಳಲ್ಲಿ 'ಕುದುರೆ' ಅನ್ನೋ ಪದ ಬರುತ್ತಲ್ಲ, ಅದು ಕೆಲವರ ಬಾಯಲ್ಲಿ ಹಿಂದಿನ ಸುತ್ತಿಗೆ, ಕೆಲವರ ಬಾಯಲ್ಲಿ ಬೆರಳಿನಿಂದ ಎಳೆಯೋ ಕೊಕ್ಕೆ. ಗೊಂದಲ ಬೇಡ ಅಂತ ಇಲ್ಲಿ ಬೆರಳಿನದನ್ನು ಟ್ರಿಗರ್, ಹಿಂದಿನದನ್ನು ಹ್ಯಾಮರ್ ಅಂತಲೇ ಕರೆಯೋಣ.

ರಿವಾಲ್ವರನ್ನು ಎರಡು ಥರ ಹೊಡೀಬಹುದು. ಒಂದು, ಹೆಬ್ಬೆರಳಿನಿಂದ ಹ್ಯಾಮರನ್ನು ಹಿಂದಕ್ಕೆ ಎಳೆದು ನಿಲ್ಲಿಸಿ, ಆಮೇಲೆ ಟ್ರಿಗರ್ ಒತ್ತೋದು. ಇದಕ್ಕೆ ಸಿಂಗಲ್ ಆಕ್ಷನ್ ಅಂತಾರೆ. ಟ್ರಿಗರ್ ಆಗ ಕೂದಲೆಳೆಯಷ್ಟೇ ಚಲಿಸುತ್ತೆ, ಒಂದೂವರೆ ಕಿಲೋ ತೂಕದಷ್ಟು ಬಲ ಸಾಕು. ಇನ್ನೊಂದು ಡಬಲ್ ಆಕ್ಷನ್. ಹೆಬ್ಬೆರಳು ಸುಮ್ಮನಿರುತ್ತೆ, ಎಲ್ಲ ಕೆಲಸ ತೋರುಬೆರಳಿನದ್ದೇ: ಸಿಲಿಂಡರ್ ತಿರುಗಿಸಬೇಕು, ಹ್ಯಾಮರ್ ಎತ್ತಬೇಕು, ಸ್ಪ್ರಿಂಗ್ ಅದುಮಬೇಕು, ಕೊನೆಗೆ ಹ್ಯಾಮರನ್ನು ಬಿಡಬೇಕು. ಇದಕ್ಕೆ ಹತ್ತಿರ ಹತ್ತಿರ ಐದು ಕಿಲೋ ಬಲ ಬೇಕು, ದೂರವೂ ಉದ್ದ.

ಟೆಕ್ಸಸ್‌ನ ಹೆಸರಿಗೆ ಅಂಟಿಕೊಂಡಿರೋ ಹಳೆಯ ರಿವಾಲ್ವರ್‌ಗಳೆಲ್ಲ ಮೊದಲನೇ ಜಾತಿಯವು. ಸ್ಯಾಮ್ಯುಯೆಲ್ ಕೋಲ್ಟ್ 1836ರಲ್ಲಿ ಹೊರತಂದ ಪ್ಯಾಟರ್ಸನ್ ರಿವಾಲ್ವರ್‌ನಲ್ಲಿ ಟ್ರಿಗರ್ ಹೊರಗೆ ಕಾಣಿಸುತ್ತಲೇ ಇರಲಿಲ್ಲ, ಹ್ಯಾಮರ್ ಎಳೆದಾಗ ಮಾತ್ರ ಒಳಗಿಂದ ಮಡಚಿದ್ದು ಬಿಚ್ಚಿಕೊಂಡು ಬರ್ತಿತ್ತು. ಆಮೇಲೆ 1847ರಲ್ಲಿ ಟೆಕ್ಸಸ್ ರೇಂಜರ್ ಸ್ಯಾಮ್ಯುಯೆಲ್ ವಾಕರ್ ಹೇಳಿದಂತೆ ಮಾಡಿದ ವಾಕರ್ ಕೋಲ್ಟ್ ಎರಡು ಕಿಲೋ ತೂಗ್ತಿತ್ತು. ಎರಡು ಕಿಲೋ! ಅದನ್ನು ಎತ್ತಿ ಹಿಡಿದರೆ ತೋಳಿಗೇ ವ್ಯಾಯಾಮ. ಆದರೆ ಆ ಬಂದೂಕು ಹೊಡೆದವರ ಬೆರಳಿಗೆ ಅಕ್ಕನ ಬೊಬ್ಬೆ ಬಂದಿರಲಾರದು, ಯಾಕಂದ್ರೆ ಟ್ರಿಗರ್ ಮೇಲೆ ಬೆರಳು ಜಾರುವ ಪ್ರಸಂಗವೇ ಅಲ್ಲಿಲ್ಲ.

ಡಬಲ್ ಆಕ್ಷನ್‌ನಲ್ಲಿ ಜಾರುತ್ತೆ. ಟ್ರಿಗರ್ ತನ್ನ ಮೇಲ್ತುದಿಯ ಪಿನ್ ಸುತ್ತ ಒಂದು ಕಮಾನಿನಲ್ಲಿ ತಿರುಗುತ್ತೆ. ಬೆರಳು ತನ್ನ ಗೆಣ್ಣುಗಳ ಸುತ್ತ ಇನ್ನೊಂದು ಕಮಾನಿನಲ್ಲಿ ಮಡಚುತ್ತೆ. ಎರಡು ಕಮಾನುಗಳ ಕೇಂದ್ರ ಬೇರೆ, ಅಳತೆ ಬೇರೆ. ಹಾಗಾಗಿ ಎಳೆತ ಶುರುವಾದಾಗ ಬೆರಳಿನ ಯಾವ ಜಾಗ ಲೋಹಕ್ಕೆ ತಾಗಿತ್ತೋ, ಮುಗಿಯೋ ಹೊತ್ತಿಗೆ ಅದೇ ಜಾಗ ತಾಗಿರೋದಿಲ್ಲ. ಕೆಲವು ಮಿಲಿಮೀಟರ್ ಅಡ್ಡಕ್ಕೆ ಸರಿದಿರುತ್ತೆ. ಹಲ್ಲುಗೀರುಗಳು ಇರೋದು ಮೇಲಿಂದ ಕೆಳಗೆ, ಬೆರಳು ಸರಿಯೋದು ಎಡದಿಂದ ಬಲಕ್ಕೆ. ತೆಂಗಿನಕಾಯಿಯನ್ನು ತುರಿಯೋ ಮಣೆಯ ಹಲ್ಲಿಗೆ ಒತ್ತಿದ ಹಾಗೆ. ಗೀರು ಹಾಕಿದ್ದು ಬೆರಳು ಜಾರದಿರಲಿ ಅಂತ, ಸಿಂಗಲ್ ಆಕ್ಷನ್‌ಗೆ ಅದು ಸರಿಯೇ. ಜಾರಲೇಬೇಕಾದ ಕಡೆ ಅದೇ ಗೀರು ಕಿರುಕುಳ. ಅದಕ್ಕೇ ಡಬಲ್ ಆಕ್ಷನ್‌ನಲ್ಲಿ ಹೆಚ್ಚು ಹೊಡೆಯೋರು ನುಣುಪು ಟ್ರಿಗರ್ ಇಷ್ಟಪಡ್ತಾರೆ, ಕಂಪನಿಯೂ ಅಂಥವನ್ನು ಮಾಡುತ್ತೆ.

ಈಗ ಬೆರಳಿನ ಲೆಕ್ಕ. ಐದು ಕಿಲೋ ಬಲ, ತಾಗುವ ಜಾಗ ಹೆಚ್ಚೆಂದರೆ ಒಂದು ಚದರ ಸೆಂಟಿಮೀಟರ್. ಕಾರಿನ ಟೈರಿನೊಳಗಿನ ಗಾಳಿಯ ಒತ್ತಡ ಚದರ ಸೆಂಟಿಮೀಟರಿಗೆ ಎರಡು ಕಿಲೋಗಿಂತ ಸ್ವಲ್ಪ ಮೇಲೆ. ಅದರ ಎರಡು ಪಟ್ಟಿಗೂ ಮಿಗಿಲಾದ ಒತ್ತಡ ಅಕ್ಕನ ಬೆರಳ ತುದಿಗೆ ಬೀಳ್ತಿದೆ, ಅದೂ ಇಡೀ ಮುಖಕ್ಕಲ್ಲ, ಗೀರುಗಳ ನೆತ್ತಿಗೆ ಮಾತ್ರ. ಹೀಗೆ ನೂರು ಸಲ, ಪ್ರತಿ ಸಲವೂ ಅಡ್ಡಕ್ಕೆ ಎಳೆತ. ನಮ್ಮ ಚರ್ಮದ ಮೇಲ್ಪದರ, ಅಂದರೆ ಸತ್ತ ಜೀವಕೋಶಗಳ ದಪ್ಪ ಹೊದಿಕೆ, ಗಟ್ಟಿ. ಅದು ಹರಿಯೋದಿಲ್ಲ. ಅದರ ಕೆಳಗಿರೋ ಜೀವಂತ ಪದರದಲ್ಲಿ ಜೀವಕೋಶಗಳು ಒಂದಕ್ಕೊಂದು ಕೊಂಡಿ ಹಾಕಿಕೊಂಡು ನಿಂತಿರುತ್ತವೆ. ಮೇಲ್ಪದರ ಒಂದು ಕಡೆ, ಒಳಗಿನ ಮೂಳೆ ಇನ್ನೊಂದು ಕಡೆ ಎಳೆದಾಗ ನಡುವಿನ ಈ ಕೊಂಡಿಗಳು ಕಳಚುತ್ತವೆ, ಆ ಸಂದಿಗೆ ನೀರು ತುಂಬುತ್ತೆ. ಅದೇ ಬೊಬ್ಬೆ. ಹೊಸ ಚಪ್ಪಲಿ ಕಚ್ಚೋದೂ ಹೀಗೇ, ಮೊದಲ ದಿನ ಗುದ್ದಲಿ ಹಿಡಿದವರ ಅಂಗೈಯೂ ಹೀಗೇ.

ಬೊಬ್ಬೆಯಷ್ಟೇ ಆಗಿದ್ದರೆ ಬ್ಯಾಂಡೇಜ್ ಹಾಕ್ಕೊಳ್ಳಿ ಅಂತ ಹೇಳಿ ಮುಗಿಸಬಹುದಿತ್ತು. ಅಕ್ಕ ಹೇಳಿದ ಇನ್ನೊಂದು ಮಾತು ನಮಗೆ ಕುತೂಹಲ ಹುಟ್ಟಿಸಿತು. ಎಳೆಯುವಾಗ ನಡುವೆ 'ಕಟಕಟ' ಅಂತ ಬೆರಳು ತಡೆದು ತಡೆದು ಸಾಗುತ್ತೆ, ಯಾವಾಗ ಗುಂಡು ಹಾರುತ್ತೆ ಅನ್ನೋ ಅಂದಾಜೇ ಸಿಗೋದಿಲ್ಲ ಅಂದರು. ಇದು ನರಗಳ ಕತೆ.

ಬೆರಳ ತುದಿಯಲ್ಲಿ ಸ್ಪರ್ಶವನ್ನು ಗ್ರಹಿಸೋ ನಾಲ್ಕು ಬಗೆಯ ಸಂವೇದಕಗಳಿವೆ. ಮರ್ಕೆಲ್ ಕೋಶಗಳು ನಿಂತ ಒತ್ತಡ, ಅಂಚು, ಆಕಾರ ಹೇಳುತ್ತವೆ. ಮೈಸ್ನರ್ ಕಣಗಳು ಜಾರುವಿಕೆ ಮತ್ತು ನಿಧಾನದ ಕಂಪನವನ್ನು ಹಿಡಿಯುತ್ತವೆ. ರುಫಿನಿ ತುದಿಗಳು ಚರ್ಮದ ಎಳೆತವನ್ನು. ಆಳದಲ್ಲಿರೋ ಪಸೀನಿ ಕಣಗಳು, ಕತ್ತರಿಸಿದ ಈರುಳ್ಳಿಯ ಹಾಗೆ ಪದರ ಪದರವಾಗಿರೋವು, ಸೆಕೆಂಡಿಗೆ ಇನ್ನೂರರಿಂದ ಮುನ್ನೂರು ಸಲ ನಡುಗುವ ಸೂಕ್ಷ್ಮ ಕಂಪನಕ್ಕೆ ಎಲ್ಲಕ್ಕಿಂತ ಚುರುಕು. ಇವುಗಳಲ್ಲಿ ಒತ್ತಡವನ್ನು ವಿದ್ಯುತ್ ಸಂಕೇತವಾಗಿ ತಿರುಗಿಸೋ ಬಾಗಿಲು ಪೀಜೋ 2 ಅನ್ನೋ ಪ್ರೋಟೀನು. ಪೀಜೋ ಪ್ರೋಟೀನುಗಳನ್ನು 2010ರಲ್ಲಿ ಪತ್ತೆ ಮಾಡಿದ್ದು ಆರ್ಡೆಮ್ ಪಟಪೂಟಿಯನ್ ಅವರ ಗುಂಪು. 2021ರಲ್ಲಿ ಅವರಿಗೂ ಡೇವಿಡ್ ಜೂಲಿಯಸ್ ಅವರಿಗೂ ಸೇರಿ ನೊಬೆಲ್ ಬಂತು. ಜೂಲಿಯಸ್ ಅವರದು ಮೆಣಸಿನಕಾಯಿ ಯಾಕೆ 'ಉರಿಯುತ್ತೆ' ಅನ್ನೋ ಸಂಶೋಧನೆ. ಬ್ಯಾಡಗಿಯವರಿಗೆ ಅದರ ಮೇಲೆ ಬೇರೆ ಸಂಚಿಕೆಯೇ ಬಾಕಿಯಿದೆ.

ಬೆರಳಿನ ಈ ಶಕ್ತಿಯನ್ನು ನಾವು ಕಡಿಮೆ ಅಂದಾಜು ಮಾಡ್ತೀವಿ. 2013ರಲ್ಲಿ ಸ್ವೀಡನ್ನಿನ ಸಂಶೋಧಕರು ಪ್ಲಾಸ್ಟಿಕ್ ಮೇಲೆ ಬೇರೆಬೇರೆ ಅಳತೆಯ ಸುಕ್ಕು ಮೂಡಿಸಿ ಜನರ ಕೈಗೆ ಕೊಟ್ಟರು. ಕೇವಲ 13 ನ್ಯಾನೊಮೀಟರ್ ಎತ್ತರದ ಸುಕ್ಕನ್ನೂ ಜನ ನುಣುಪು ಮೇಲ್ಮೈಯಿಂದ ಬೇರೆ ಅಂತ ಗುರುತಿಸಿದರು. ಒಂದು ತಲೆಗೂದಲನ್ನು ಐದು ಸಾವಿರ ಪದರ ಸೀಳಿದರೆ ಒಂದು ಪದರ ಎಷ್ಟಿರುತ್ತೋ ಹತ್ತಿರ ಹತ್ತಿರ ಅಷ್ಟು. ಬೆರಳಚ್ಚಿನ ಏಣುಗಳೂ ಇಲ್ಲಿ ಕೆಲಸ ಮಾಡುತ್ತವೆ. ಏಣಿನಿಂದ ಏಣಿಗೆ ಸುಮಾರು ಅರ್ಧ ಮಿಲಿಮೀಟರ್, ಮೇಲ್ಮೈ ಮೇಲೆ ಬೆರಳಾಡಿಸಿದಾಗ ಈ ಏಣುಗಳು ಪಸೀನಿ ಕಣಗಳಿಗೆ ಹಿತವಾದ ಕಂಪನವನ್ನೇ ಆರಿಸಿ ದೊಡ್ಡದು ಮಾಡಿ ಕಳಿಸುತ್ತವೆ ಅಂತ 2009ರಲ್ಲಿ ಫ್ರಾನ್ಸಿನ ಭೌತವಿಜ್ಞಾನಿಗಳು ತೋರಿಸಿದ್ದಾರೆ.

ಇಷ್ಟು ಚುರುಕಾದ ಯಂತ್ರದ ಮುಂದೆ ಹಲ್ಲುಗೀರು ಇಟ್ಟರೆ ಏನಾಗುತ್ತೆ ನೋಡಿ. ಚರ್ಮದ ಏಣು ಲೋಹದ ಏಣಿಗೆ ಸಿಕ್ಕಿ ನಿಲ್ಲುತ್ತೆ, ಎಳೆತ ಜಾಸ್ತಿಯಾದಾಗ ಪಟ್ಟನೆ ಬಿಡುತ್ತೆ, ಮುಂದಿನದಕ್ಕೆ ಸಿಕ್ಕಿಕೊಳ್ಳುತ್ತೆ. ಅಂಟು, ಜಾರು, ಅಂಟು, ಜಾರು. ಬಾಗಿಲು ಕಿರ್ ಅನ್ನೋದೂ ಇದೇ ತತ್ವದಿಂದ. ಒಳಗಿನ ಹ್ಯಾಮರ್ ಯಾವ ಹಂತದಲ್ಲಿದೆ ಅಂತ ಟ್ರಿಗರ್ ಮೂಲಕ ಬರೋ ಮೆಲುದನಿಯ ಸುದ್ದಿ ಈ ಗದ್ದಲದಲ್ಲಿ ಮುಳುಗಿಹೋಗುತ್ತೆ. ಟ್ರಿಗರ್ ಮುಖ ನಯ ಮಾಡಿದರೆ ಎಳೆಯಲು ಬೇಕಾದ ತೂಕ ಕಡಿಮೆಯಾಗೋದಿಲ್ಲ, ಸ್ಪ್ರಿಂಗ್ ಅದೇ ಅಲ್ವಾ. ಗದ್ದಲ ಕಡಿಮೆಯಾಗುತ್ತೆ. ಜನ 'ಹಗುರ ಆಯ್ತು' ಅನ್ನೋದು ಇದಕ್ಕೆ.

ಹಾಗಾದರೆ ಕನ್ನಡಿ ಥರ ಹೊಳಪು ಕೊಟ್ಟುಬಿಡೋಣ ಅಂತ ಅನ್ನಿಸುತ್ತೆ. ಇಲ್ಲೊಂದು ತಿರುವಿದೆ. ಒದ್ದೆ ಬೆರಳನ್ನು ಗಾಜಿನ ಮೇಲೆ ಎಳೆದು ನೋಡಿ, ತಡೆಯುತ್ತೆ, ಕೀರ್ ಅನ್ನುತ್ತೆ. ಅದೇ ಬೆರಳನ್ನು ಮಸುಕು ಗಾಜಿನ ಮೇಲೆ ಎಳೆಯಿರಿ, ಸಲೀಸು. ಚರ್ಮದಂಥ ಮೆತ್ತನೆ ವಸ್ತುವಿಗೆ ತುಂಬಾ ನುಣುಪು ಮೇಲ್ಮೈ ಸಿಕ್ಕರೆ ನಿಜವಾಗಿ ತಾಗುವ ಜಾಗ ಹೆಚ್ಚಾಗುತ್ತೆ, ಅಂಟುವಿಕೆ ಹೆಚ್ಚಾಗುತ್ತೆ. ಸ್ವಲ್ಪ ಬೆವರು ಸೇರಿದರೆ ಇನ್ನೂ ಜಾಸ್ತಿ. ಆಗಸ್ಟ್ ತಿಂಗಳ ಟೆಕ್ಸಸ್‌ನಲ್ಲಿ ಬೆವರಿಗೆ ಬರವಿಲ್ಲ. ಹಾಗಾಗಿ ನಮ್ಮ ಅಭಿಪ್ರಾಯ: ರೇಷ್ಮೆಯಂಥ ಮಂದ ಹೊಳಪಿನಲ್ಲಿ ನಿಲ್ಲಿಸಿ. ಕನ್ನಡಿ ಹೊಳಪು ಫೋಟೋಗೆ ಚೆಂದ, ಬೆರಳಿಗಲ್ಲ.

ಇನ್ನು ಕೆಲಸದ ಮಾತು. ಅದಕ್ಕೂ ಮೊದಲು ಗೆರೆ ಎಳೆಯಬೇಕಾದ ಜಾಗ ಒಂದಿದೆ. ಟ್ರಿಗರ್ ಅನ್ನೋ ಈ ಸಣ್ಣ ಉಕ್ಕಿನ ತುಂಡಿಗೆ ಎರಡು ಊರು. ಹೊರಗಿನ ಊರು ಬೆರಳಿನದು. ಅಲ್ಲಿ ಉಜ್ಜಿದರೆ ಹೋಗೋದು ಅಂದವಷ್ಟೇ. ಒಳಗಿನ ಊರಿನಲ್ಲಿ ಟ್ರಿಗರ್‌ನ ಒಂದು ಚೂಪಾದ ಅಂಚು ಹ್ಯಾಮರ್‌ನ ಒಂದು ಸಣ್ಣ ಕಚ್ಚಿಗೆ ಕೂತಿರುತ್ತೆ. ಎಳೆದು ನಿಲ್ಲಿಸಿದ ಹ್ಯಾಮರನ್ನು ಹಿಡಿದು ನಿಲ್ಲಿಸೋದು ಕೂದಲಿನಷ್ಟು ಕಿರಿದಾದ ಈ ಕಚ್ಚೊಂದೇ. ಅಲ್ಲಿನ ಕೋನ ಒಂದಿಷ್ಟು ತಪ್ಪಿದರೆ, ಅಂಚು ಒಂದಿಷ್ಟು ದುಂಡಗಾದರೆ, ಯಾರೂ ಟ್ರಿಗರ್ ಮುಟ್ಟದೆಯೇ ಹ್ಯಾಮರ್ ಬೀಳಬಹುದು. ಗಟ್ಟಿ ಪದರ ತೆಳ್ಳಗೆ ಇರೋದರಿಂದ, ಇವತ್ತು ಸರಿ ಕಂಡದ್ದು ಆರು ತಿಂಗಳಲ್ಲಿ ಸವೆದು ಅದೇ ಗತಿಯಾಗಬಹುದು. ಸ್ಪ್ರಿಂಗ್ ಕತ್ತರಿಸಿ ಹಗುರ ಮಾಡೋದೂ ಹಾಗೇ, ಹ್ಯಾಮರ್‌ನ ಏಟು ಸೋತು ಗುಂಡು ಸಿಡಿಯದೆ ಉಳಿಯುತ್ತೆ. ಒಳಗಿನ ಊರಿಗೆ ನಾವು ಹೋಗೋದಿಲ್ಲ, ನೀವೂ ಹೋಗಬೇಡಿ. ಅಕ್ಕನಿಗೆ ಹೇಳಿದ್ದು ಇಷ್ಟು: ಟ್ರಿಗರನ್ನು ಬಿಚ್ಚೋದು, ಮತ್ತೆ ಕೂರಿಸೋದು, ಕೂರಿಸಿದ ಮೇಲೆ ಪರೀಕ್ಷೆ ಮಾಡೋದು ಗನ್‌ಸ್ಮಿತ್ ಕೆಲಸ. ನಡುವೆ ಒಂದು ವಾರ ಆ ತುಂಡು ನಿಮ್ಮ ಮೇಜಿನ ಮೇಲಿರಲಿ, ಬಂದೂಕು ಬೀಗದೊಳಗಿರಲಿ. ಬಂದೂಕಿಗೆ ಸೇರಿಸಿಕೊಂಡೇ ಉಜ್ಜೋರು ಇದ್ದಾರೆ. ಉಜ್ಜಿದ ಪುಡಿ ಒಳಗಿನ ಊರಿಗೆ ಹೋಗಿ ಎಣ್ಣೆಯೊಡನೆ ಕಲಸಿ ಅಲ್ಲಿ ದಿನವೂ ಅರೆಯುತ್ತೆ, ಅದು ಬೇಡ.

ಇದು ಟೆಕ್ಸಸ್‌ನ ಮಾತು ಅನ್ನೋದೂ ನೆನಪಿರಲಿ. ಇಲ್ಲಿ ತನ್ನ ಸ್ವಂತ ಬಂದೂಕಿನ ಟ್ರಿಗರ್ ಮುಖ ಉಜ್ಜಿಕೊಳ್ಳೋದಕ್ಕೆ ಪರವಾನಗಿ ಬೇಡ, ಬೇರೆಯವರದನ್ನು ದುಡ್ಡಿಗೆ ಮಾಡಿಕೊಡೋ ಅಂಗಡಿಗೆ ಫೆಡರಲ್ ಲೈಸೆನ್ಸ್ ಬೇಕು. ಭಾರತದಲ್ಲಿ 1959ರ ಆಯುಧ ಕಾಯ್ದೆಯಡಿ ಬಂದೂಕಿನ ದುರಸ್ತಿ ಪರವಾನಗಿ ಪಡೆದ ರಿಪೇರಿಯವರ ಕೆಲಸ. ಕೊಡಗಿನ ಕೇಳುಗರು ಈಗಾಗಲೇ ಪತ್ರ ಬರೆಯೋಕೆ ಕೂತಿರ್ತೀರಿ, ಗೊತ್ತು. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಕೋವಿ ಇಟ್ಟುಕೊಳ್ಳಲು ಲೈಸೆನ್ಸ್‌ನಿಂದ ವಿನಾಯಿತಿ ಬ್ರಿಟಿಷರ ಕಾಲದಿಂದಲೂ ಇದೆ. 2021ರಲ್ಲಿ ಕರ್ನಾಟಕ ಹೈಕೋರ್ಟ್ ಅದನ್ನು ಎತ್ತಿಹಿಡಿದಿದೆ. ಆ ವಿನಾಯಿತಿ ಇಟ್ಟುಕೊಳ್ಳೋದಕ್ಕೆ, ರಿಪೇರಿ ಅಂಗಡಿ ತೆರೆಯೋದಕ್ಕಲ್ಲ.

ಕೊಡಗಿನ ಮಾತು ಬಂತು ಅಂತ ಒಂದು ಅಡ್ಡಮಾತು. ಸೆಪ್ಟೆಂಬರ್ ಮೊದಲಲ್ಲಿ ಕೈಲ್‌ಪೊಳ್ದ್ ದಿನ ಕೋವಿಗಳನ್ನು ಒರೆಸಿ, ಸಾಲಾಗಿಟ್ಟು ಪೂಜೆ ಮಾಡಿ, ನಳಿಗೆಗೆ ಒಂದು ಹೂ ಸಿಕ್ಕಿಸ್ತಾರೆ. ತೋಕ್ ಪೂ, ಕೋವಿಯ ಹೂ. ಕೆಂಪು ಹಳದಿ ಜ್ವಾಲೆ ಥರ ಮೇಲಕ್ಕೆ ಮಡಚಿದ ಎಸಳು. ನಮ್ಮಲ್ಲಿ ಬೇರೆ ಕಡೆ ಇದನ್ನೇ ಅಗ್ನಿಶಿಖೆ, ಗೌರಿ ಹೂ ಅಂತಾರೆ, ಲ್ಯಾಟಿನ್ ಹೆಸರು ಗ್ಲೋರಿಯೋಸಾ ಸುಪರ್ಬಾ. ಅದರ ಗೆಡ್ಡೆ ಮತ್ತು ಬೀಜದಲ್ಲಿ ಕೋಲ್ಚಿಸಿನ್ ಅನ್ನೋ ವಿಷವಿದೆ. ಜೀವಕೋಶ ಎರಡಾಗುವಾಗ ಕ್ರೋಮೋಸೋಮುಗಳನ್ನು ಎಳೆಯೋ ಹಗ್ಗಗಳನ್ನೇ ಅದು ಕಟ್ಟಲು ಬಿಡೋದಿಲ್ಲ. ನಮ್ಮಂಥವರು ಪ್ರಯೋಗಾಲಯದಲ್ಲಿ ಕೋಶ ವಿಭಜನೆಯನ್ನು ನಡುದಾರಿಯಲ್ಲಿ ನಿಲ್ಲಿಸಿ ಕ್ರೋಮೋಸೋಮು ಎಣಿಸೋಕೆ ಬಳಸೋದು ಇದರ ಕುಟುಂಬದ ರಾಸಾಯನಿಕಗಳನ್ನೇ. ಮದ್ದು ತುಂಬೋ ನಳಿಗೆಯ ಬಾಯಿಗೆ ಈ ಹೂವನ್ನು ಮೊದಲು ಸಿಕ್ಕಿಸಿದವರು ಯಾರೋ!

ಸರಿ, ಮೇಜಿಗೆ ಬರೋಣ. ಅಕ್ಕನ ಟ್ರಿಗರ್ ಹಳೆಯದು, ಖೋಟಾ ಉಕ್ಕಿನದಲ್ಲ, ಬಡಿದು ಮಾಡಿದ ಉಕ್ಕು. ಮೇಲೆ ಕಂದು, ನೀಲಿ, ಬೂದು ಮೋಡದಂಥ ಬಣ್ಣ. ಬಣ್ಣ ಬಳಿದದ್ದಲ್ಲ ಅದು. ಮೆತ್ತನೆ ಉಕ್ಕನ್ನು ಇಂಗಾಲ ತುಂಬಿದ ವಾತಾವರಣದಲ್ಲಿ ಕೆಂಪಗೆ ಕಾಯಿಸಿದರೆ ಹೊರಪದರಕ್ಕೆ ಇಂಗಾಲ ಇಳಿಯುತ್ತೆ. ತಕ್ಷಣ ತಣ್ಣೀರಿಗೆ ಹಾಕಿದರೆ ಹೊರಗೆ ಗಾಜಿನಂಥ ಗಟ್ಟಿ ಸಿಪ್ಪೆ, ಒಳಗೆ ಬಾಗಬಲ್ಲ ತಿರುಳು. ಹಳೆಯ ಕಾಲದಲ್ಲಿ ಮೂಳೆಯ ಇದ್ದಿಲನ್ನೇ ತುಂಬಿ ಕಾಯಿಸ್ತಿದ್ದರು. ಆ ಗಟ್ಟಿ ಸಿಪ್ಪೆಯ ದಪ್ಪ ಒಂದು ಮಿಲಿಮೀಟರ್‌ಗಿಂತ ತೀರಾ ಕಡಿಮೆ. ಹೊಸ ರಿವಾಲ್ವರ್‌ಗಳಲ್ಲಿ ಟ್ರಿಗರ್ ಇನ್ನೊಂದು ಥರ: ಲೋಹದ ಪುಡಿಗೆ ಅಂಟು ಕಲಸಿ, ಅಚ್ಚಿಗೆ ಒತ್ತಿ, ಅಂಟು ಕಳೆದು ಕಾಯಿಸಿ ಒಂದಾಗಿಸಿದ್ದು. ಕಾಯಿಸುವಾಗ ಅದು ಚಕ್ಕುಲಿ ಉಲ್ಟಾ ಮಾಡಿದ ಹಾಗೆ, ಉಬ್ಬೋ ಬದಲು ಕುಗ್ಗುತ್ತೆ, ಹತ್ತಿರ ಹತ್ತಿರ ಐದರಲ್ಲಿ ಒಂದು ಪಾಲಿನಷ್ಟು. ಅವುಗಳ ಹಿಂಭಾಗ ಟೊಳ್ಳಾಗಿರೋದುಂಟು, ಹಾಗಾಗಿ ಉಜ್ಜೋಕೆ ಜಾಗವೂ ಕಡಿಮೆ.

ಮೊದಲ ಕೆಲಸ ತೊಳೆಯೋದು. ಇದನ್ನು ಯಾರೂ ಹೇಳೋದಿಲ್ಲ. ಗುಂಡಿನ ಹೊಗೆಯಲ್ಲಿ ಸೀಸ ಇರುತ್ತೆ, ಹಳೆಯ ರಿವಾಲ್ವರ್‌ನ ಮೂಲೆಮೂಲೆಯಲ್ಲಿ ಅದು ಕೂತಿರುತ್ತೆ. ಒಣಗಿದ್ದನ್ನೇ ಉಜ್ಜಿದರೆ ಧೂಳಾಗಿ ಏಳುತ್ತೆ. ಮಗುವಿನ ಮಿದುಳಿಗೆ ಸೀಸದ ಯಾವ ಪ್ರಮಾಣವೂ ಸುರಕ್ಷಿತ ಅಂತ ಇಲ್ಲ. ಅಮೆರಿಕದ ಸಿಡಿಸಿ 2021ರಲ್ಲಿ ಮಕ್ಕಳ ರಕ್ತದಲ್ಲಿ ಎಚ್ಚರಿಕೆಯ ಮಟ್ಟವನ್ನು ಡೆಸಿಲೀಟರಿಗೆ 3.5 ಮೈಕ್ರೋಗ್ರಾಂಗೆ ಇಳಿಸಿದೆ. ಆದ್ದರಿಂದ ಟ್ರಿಗರ್ ತೊಳೆದು, ಉಜ್ಜೋದೆಲ್ಲ ಒದ್ದೆಯಾಗೇ, ಅಡುಗೆಮನೆಯಿಂದ ದೂರ, ಕೈಗೆ ಗ್ಲೌಸ್. ಆಮೇಲೆ ಸೋಪು ಹಾಕಿ ಕೈ ತೊಳೆದು, ಬಟ್ಟೆ ಬದಲಿಸಿ ಮೊಮ್ಮಗನನ್ನು ಎತ್ತಿಕೊಳ್ಳಿ.

ಉಜ್ಜೋಕೆ ಕಪ್ಪು ಬಣ್ಣದ ವಾಟರ್ ಪೇಪರ್, ಕಾರಿನ ಪೇಂಟಿನವರು ಬಳಸ್ತಾರಲ್ಲ, ಅದು. ಅದರ ಕಣ ಸಿಲಿಕಾನ್ ಕಾರ್ಬೈಡ್. ಗಡಸುತನದ ಮೋಸ್ ಅಳತೆಯಲ್ಲಿ ಮರಳು 7, ಕೊರಂಡಮ್ 9, ಇದು ಒಂಬತ್ತೂವರೆ ಸುಮಾರು. ಕೊರಂಡಮ್ ಅನ್ನೋ ಪದವೇ ನಮ್ಮ ಕಡೆಯದು, ಕುರುವಿಂದದಿಂದ ಬಂದದ್ದು. ಕಾಗದದ ಹಿಂದಿನ ನಂಬರ್ ದೊಡ್ಡದಾದಷ್ಟೂ ಕಣ ಸಣ್ಣದು. ಪಿ 220ರಲ್ಲಿ ಕಣ 68 ಮೈಕ್ರಾನ್, ಕೂದಲಿನಷ್ಟು ದಪ್ಪ. ಪಿ 400ರಲ್ಲಿ 35, ಪಿ 600ರಲ್ಲಿ 26, ಪಿ 1000ದಲ್ಲಿ 18. ಅಮೆರಿಕದ ಹಳೆಯ ನಂಬರ್ ಪದ್ಧತಿ ಬೇರೆ, ಅಲ್ಲಿ 600 ಅಂದರೆ 16 ಮೈಕ್ರಾನ್ ಹತ್ತಿರ. ಹಿಂದೆ 'ಪಿ' ಇದೆಯಾ ಅಂತ ನೋಡ್ಕೊಳ್ಳಿ, ನಾವು ನೋಡದೆ ಒಂದು ಸಂಜೆ ಕಳೆದುಕೊಂಡೆವು.

ಟ್ರಿಗರನ್ನು ವೈಸ್‌ನಲ್ಲಿ ಕಚ್ಚಿಸುವಾಗ ಎರಡೂ ಕಡೆ ಚರ್ಮದ ಚೂರು ಇಡಿ, ಒಳಗಿನ ಊರಿನ ಭಾಗ ಪೂರ್ತಿ ಟೇಪ್ ಸುತ್ತಿ ಮುಚ್ಚಿ. ಗೀರುಗಳ ನೆತ್ತಿ ತೆಗೆಯೋಕೆ ಸಣ್ಣ ಅರ ಹಾಕಿದರೆ ಗಟ್ಟಿ ಸಿಪ್ಪೆಯ ಮೇಲೆ ಅದು ಹಿಡಿಯದೆ ಜಾರುತ್ತೆ, ಅರದ ಹಲ್ಲೇ ಹೋಗುತ್ತೆ. ಪೇಪರಿನಿಂದಲೇ ಶುರು ಮಾಡಬೇಕು. ಕಿರುಬೆರಳ ಅಗಲದ ಪಟ್ಟಿ ಕತ್ತರಿಸಿ, ಹಿಂದೆ ಬಟ್ಟೆಯ ಟೇಪ್ ಅಂಟಿಸಿ, ಟ್ರಿಗರ್ ಮುಖಕ್ಕೆ ಅಡ್ಡವಾಗಿ ಸುತ್ತಿ, ಬೂಟ್ ಪಾಲಿಶ್ ಮಾಡೋ ಹುಡುಗರು ಬಟ್ಟೆಯನ್ನು ಆಚೆ ಈಚೆ ಎಳೀತಾರಲ್ಲ ಹಾಗೆ ಎಳೀಬೇಕು. ಇದರಿಂದ ಮುಖ ಚಪ್ಪಟೆಯಾಗದೆ ನಡು ಸ್ವಲ್ಪ ಉಬ್ಬಿ ಎರಡೂ ಅಂಚು ದುಂಡಗಾಗುತ್ತವೆ. ಅಂಚು ದುಂಡಗಾಗೋದು ಗೀರು ಹೋಗೋದಕ್ಕಿಂತ ಮುಖ್ಯ ಅಂತ ನಮಗೆ ಆಮೇಲೆ ಅರ್ಥವಾಯ್ತು. ಬೆರಳು ಜಾರುವಾಗ ಕೊಯ್ಯೋದು ಆ ಬದಿಯ ಅಂಚೇ.

ಪ್ರತಿ ನಂಬರಿಗೂ ದಿಕ್ಕು ಬದಲಿಸಿ. 220ರಲ್ಲಿ ಅಡ್ಡ, 400ರಲ್ಲಿ ಉದ್ದ, 600ರಲ್ಲಿ ಮತ್ತೆ ಅಡ್ಡ. ಹೀಗಿದ್ದರೆ ಹಿಂದಿನ ನಂಬರಿನ ಗೀರು ಇನ್ನೂ ಉಳಿದಿದೆಯಾ ಅಂತ ಒಂದು ನೋಟಕ್ಕೆ ಗೊತ್ತಾಗುತ್ತೆ. ನಾವು ಅಭ್ಯಾಸಕ್ಕೆ ಅಂತ ಒಂದು ಹಳೆಯ ಬೋಲ್ಟ್ ಹಿಡಿದು ಕೂತಾಗ ಆತುರಕ್ಕೆ 220ರಿಂದ ನೇರ 1000ಕ್ಕೆ ಹಾರಿದೆವು. ಒಂದು ಗಂಟೆ ಉಜ್ಜಿದರೂ ಆಳದ ಗೀರು ಅಲ್ಲೇ. 18 ಮೈಕ್ರಾನ್ ಕಣ 68 ಮೈಕ್ರಾನ್ ಕಣದ ಕಾಲುವೆಯನ್ನು ಅಳಿಸೋದು ಚಮಚದಲ್ಲಿ ಕೆರೆ ಹೂಳೆತ್ತಿದ ಹಾಗೆ. ಆಮೇಲೆ ಸಿಟ್ಟಿಗೆ ಮೋಟಾರಿನ ಪಾಲಿಶ್ ಚಕ್ರ ಹಿಡಿದೆವು. ಅರ್ಧ ನಿಮಿಷದಲ್ಲಿ ಬೋಲ್ಟ್ ಅಂಚು ಒಣಹುಲ್ಲಿನ ಹಳದಿಗೆ ತಿರುಗಿತು, ಆಮೇಲೆ ನೀಲಿಗೆ. ಹಳದಿ ಅಂದರೆ ಉಕ್ಕು 220 ಡಿಗ್ರಿ ಸೆಲ್ಸಿಯಸ್ ದಾಟಿದೆ, ನೀಲಿ ಅಂದರೆ 300ರ ಹತ್ತಿರ. ಆ ಬಣ್ಣ ಮಳೆಗಾಲದ ರಸ್ತೆಯಲ್ಲಿ ಪೆಟ್ರೋಲ್ ಪದರ ತೋರಿಸೋ ಬಣ್ಣದಂತೆಯೇ, ತೆಳು ಆಕ್ಸೈಡ್ ಪದರದಲ್ಲಿ ಬೆಳಕಿನ ಆಟ. ನೋಡೋಕೆ ಸುಂದರ, ಆದರೆ ಆ ಹೊತ್ತಿಗೆ ಉಕ್ಕಿನ ಗಡಸು ಇಳಿದಿರುತ್ತೆ. ಟ್ರಿಗರ್‌ಗೆ ಮೋಟಾರು ಬೇಡ ಅನ್ನೋದಕ್ಕೆ ನಮ್ಮ ಬೋಲ್ಟ್ ಸಾಕ್ಷಿ.

600ರ ನಂತರ ಪಿ 1000ವನ್ನು ಒಂದೈದು ನಿಮಿಷ ಹಗುರವಾಗಿ ಎಳೆದು ನಿಲ್ಲಿಸಿ. ಗೀರಿನ ಆಳದಷ್ಟು ಲೋಹ ಹೋದರೆ ಸಾಕು. ಎಲ್ಲೋ ಒಂದು ಕಡೆ ಗೀರಿನ ತಳ ಸಣ್ಣ ಗೆರೆಯಾಗಿ ಉಳಿದರೆ ಉಳಿಯಲಿ, ಬೆರಳಿಗೆ ಅದು ಗೊತ್ತಾಗೋದಿಲ್ಲ.

ಈಗ ಬಾಟಲಿ. ಉಜ್ಜಿದ ಮೇಲೆ ಮುಖದ ಬಣ್ಣ ಹೋಗಿ ಬೆಳ್ಳಗೆ ಉಕ್ಕು ಕಾಣುತ್ತೆ, ಮತ್ತೆ ಕಪ್ಪು ಮಾಡಬೇಕು ಅನ್ನಿಸೋದು ಸಹಜ. ಬಂದೂಕಿನ ನೀಲಿಗಪ್ಪು ನಿಜದಲ್ಲಿ ತುಕ್ಕಿನ ಅಣ್ಣ. ಕೆಂಪು ತುಕ್ಕು ಸಡಿಲ, ನೀರು ಹೀರಿ ಉದುರುತ್ತೆ. ಕಪ್ಪು ಆಕ್ಸೈಡ್, ಮ್ಯಾಗ್ನೆಟೈಟ್, ಒತ್ತಾಗಿ ಅಂಟಿ ಕೂರುತ್ತೆ, ಎಣ್ಣೆ ಹಿಡಿದಿಡುತ್ತೆ. ಹಳೆಯ ಕುಶಲಕರ್ಮಿಗಳು ಉಕ್ಕಿಗೆ ಬೇಕಂತಲೇ ತುಕ್ಕು ಹಿಡಿಸಿ, ಕುದಿಯೋ ನೀರಿನಲ್ಲಿ ಬೇಯಿಸ್ತಿದ್ದರು. ಕೆಂಪು ತುಕ್ಕು ಕಪ್ಪಾಗ್ತಿತ್ತು. ಉಜ್ಜಿ, ಮತ್ತೆ ತುಕ್ಕು, ಮತ್ತೆ ಕುದಿತ. ಕಾರ್ಖಾನೆಯಲ್ಲಿ ಕಾಸ್ಟಿಕ್ ಸೋಡಾ ಮತ್ತು ನೈಟ್ರೇಟ್ ದ್ರಾವಣವನ್ನು 140 ಡಿಗ್ರಿ ಆಸುಪಾಸಿನಲ್ಲಿ ಕುದಿಸಿ ಮಾಡ್ತಾರೆ. ಮನೆಯಲ್ಲಿ ಅದನ್ನು ಯೋಚಿಸಲೂ ಬೇಡಿ, ಒಂದು ಹನಿ ಕಣ್ಣಿಗೆ ಸಿಡಿದರೆ ಮುಗೀತು.

ಬಾಟಲಿಯಲ್ಲಿರೋ 'ಕೋಲ್ಡ್ ಬ್ಲೂ' ಇವೆರಡೂ ಅಲ್ಲ. ಅದು ಸಾಮಾನ್ಯವಾಗಿ ಸೆಲೆನಿಯಸ್ ಆಮ್ಲ ಮತ್ತು ತಾಮ್ರದ ಲವಣ. ಒರೆಸಿದ ಕೂಡಲೇ ಉಕ್ಕಿನ ಮೇಲೆ ತಾಮ್ರ ಮತ್ತು ಸೆಲೆನಿಯಂ ಸೇರಿ ಕಪ್ಪು ಪದರ ಕೂರುತ್ತೆ. ತೆಳುವಾದದ್ದು, ಬೇಗ ಸವೆಯುತ್ತೆ. ಗಟ್ಟಿ ಸಿಪ್ಪೆಯ ಉಕ್ಕಿನ ಮೇಲಂತೂ ಸರಿಯಾಗಿ ಹಿಡಿಯದೆ ಮಚ್ಚೆ ಮಚ್ಚೆಯಾಗುತ್ತೆ.

ಸೆಲೆನಿಯಂ ನಮಗೆ ಹಳೆಯ ಪರಿಚಯ. ನಮ್ಮ ದೇಹಕ್ಕೆ ಅದು ಬೇಕೇ ಬೇಕು. ಮನುಷ್ಯರ ಜೀನುಗಳಲ್ಲಿ ಸೆಲೆನಿಯಂ ಇರೋ 25 ಪ್ರೋಟೀನುಗಳ ಪಾಠವಿದೆ, ಥೈರಾಯ್ಡ್ ಹಾರ್ಮೋನನ್ನು ಚುರುಕು ಮಾಡೋದು ಅವುಗಳಲ್ಲಿ ಕೆಲವು. ಆದರೆ ವಯಸ್ಕರಿಗೆ ದಿನಕ್ಕೆ ಬೇಕಾದ್ದು 55 ಮೈಕ್ರೋಗ್ರಾಂ. ಒಂದು ಹರಳು ಉಪ್ಪಿನಷ್ಟು. ಬಾಟಲಿಯ ಒಂದು ಗುಟುಕಿನಲ್ಲಿ ಇದರ ಸಾವಿರಾರು ಪಟ್ಟು ಇರುತ್ತೆ, ಅದೂ ಕೂಡಲೇ ರಕ್ತಕ್ಕೆ ಹೋಗೋ ರೂಪದಲ್ಲಿ. ಅದು ಹೃದಯದ ಸ್ನಾಯುವನ್ನು, ರಕ್ತನಾಳಗಳನ್ನು ಸೋಲಿಸುತ್ತೆ. ಇದಕ್ಕೆ ನೇರ ಪ್ರತಿವಿಷ ಇಲ್ಲ. ಬಂದೂಕಿಗೆ ಬಣ್ಣ ಹಾಕೋ ದ್ರಾವಣ ಕುಡಿದು ಸತ್ತ ಮಕ್ಕಳ ವರದಿಗಳು ವೈದ್ಯಕೀಯ ಪತ್ರಿಕೆಗಳಲ್ಲಿವೆ. ಗ್ಯಾರೇಜ್‌ನ ಕೆಳಗಿನ ಶೆಲ್ಫ್, ನೀಲಿ ನೀರಿನ ಪುಟ್ಟ ಬಾಟಲಿ, ಎರಡೂವರೆ ವರ್ಷದ ಹುಡುಗ. ಊಟದ ಸಾಲಿನಲ್ಲೇ ಅಕ್ಕ ಮನೆಗೆ ಫೋನ್ ಮಾಡಿ ಬಾಟಲಿಯನ್ನು ಬೀಗದೊಳಗೆ ಇಡಿಸಿದರು.

ಅಮೆರಿಕದಲ್ಲಿರೋರು ಈ ನಂಬರ್ ಬರ್ಕೊಳ್ಳಿ, ಪಾಯಿಸನ್ ಕಂಟ್ರೋಲ್: 1-800-222-1222. ಹಗಲು ರಾತ್ರಿ ಇರುತ್ತೆ. ಮಗು ಕುಸಿದಿದ್ದರೆ, ಉಸಿರಾಟದ ತೊಂದರೆ ಇದ್ದರೆ ನೇರ 911. ಬಂದೂಕು ಇರೋ ಮನೆಯವರಿಗೆ ಇನ್ನೊಂದು: 17 ವರ್ಷದೊಳಗಿನವರ ಕೈಗೆ ಗುಂಡು ತುಂಬಿದ ಬಂದೂಕು ಸಿಗೋ ಹಾಗೆ ಬಿಡೋದು ಟೆಕ್ಸಸ್ ಕಾನೂನಿನಲ್ಲಿ ಅಪರಾಧ.

ಹಾಗಾದರೆ ಬಣ್ಣ? ಬೇಡ ಅಂದೆವು. ಮುಖವನ್ನು ಬೆಳ್ಳಗೇ ಬಿಡಿ, ತೆಳ್ಳಗೆ ಎಣ್ಣೆ ಒರೆಸಿ. ದೋಸೆ ಕಾವಲಿಗೆ ಹಬೆಯಲ್ಲೂ ನೀರಿನಲ್ಲೂ ಬದುಕು, ಅದಕ್ಕೆ ಕಪ್ಪು ಪದರ ಬೇಕು. ಟ್ರಿಗರ್ ಮುಖಕ್ಕೆ ಬೇಕಾದ್ದು ಹೊಡೆದಾದ ಮೇಲೆ ಒಂದು ಬಟ್ಟೆಯ ಒರೆಸು. ಬೆವರಿನ ಉಪ್ಪು ಉಳಿದರೆ ರಾತ್ರಿ ಬೆಳಗಾಗೋದರಲ್ಲಿ ಕಂದು ಚುಕ್ಕೆ ಕಾಣುತ್ತೆ. ಕೆಲವರ ಬೆವರು ಉಕ್ಕಿಗೆ ಉಳಿದವರದ್ದಕ್ಕಿಂತ ಬೇಗ ತುಕ್ಕು ಹಿಡಿಸುತ್ತೆ, ಲೇತ್ ಕೆಲಸದವರನ್ನು ಕೇಳಿ, ಅವರ ಅಂಗಡಿಯಲ್ಲಿ ಅಂಥ ಒಬ್ಬರು ಇದ್ದೇ ಇರ್ತಾರೆ.

ಅಕ್ಕ ಮೂರು ಸಂಜೆ ಕೂತು ಉಜ್ಜಿದರು. ಗನ್‌ಸ್ಮಿತ್ ಟ್ರಿಗರ್ ಕೂರಿಸಿ, ಖಾಲಿ ಬಂದೂಕಿನಲ್ಲಿ ಹ್ಯಾಮರ್ ಹಿಡಿತ ಪರೀಕ್ಷಿಸಿ ವಾಪಸ್ ಕೊಟ್ಟರು. ಕಳೆದ ಶನಿವಾರ ನೂರು ಗುಂಡಿನ ನಂತರ ಬೆರಳಿನ ಫೋಟೋ ಕಳಿಸಿದ್ದಾರೆ. ಬೊಬ್ಬೆ ಇಲ್ಲ, ಸ್ವಲ್ಪ ಕೆಂಪು ಇದೆ. ಗುರಿ ಹಲಗೆಯ ಫೋಟೋ ಕಳಿಸಿಲ್ಲ, ನಾವೂ ಕೇಳಲಿಲ್ಲ. ಬಾಟಲಿಯನ್ನು ಮುಚ್ಚಳ ತೆರೆಯದೆಯೇ ಅಪಾಯಕಾರಿ ತ್ಯಾಜ್ಯ ತಗೊಳ್ಳೋ ಕೇಂದ್ರಕ್ಕೆ ಕೊಟ್ಟು ಬಂದಿದ್ದಾರೆ. ಸಿಂಕಿಗೂ ಸುರೀಬೇಡಿ, ಕಸದ ಡಬ್ಬಿಗೂ ಹಾಕಬೇಡಿ.

ಮುಂದಿನ ಸಂಚಿಕೆಗೆ ಸೀಡರ್ ಪಾರ್ಕ್‌ನ ಸೀಡರ್ ಸೀಡರೇ ಅಲ್ಲ ಅನ್ನೋ ವಿಷಯ. ಅದು ಜುನಿಪರ್ ಜಾತಿಯ ಮರ, ಡಿಸೆಂಬರ್ ಬಂತೆಂದರೆ ಅದರ ಪರಾಗಕ್ಕೆ ಆಸ್ಟಿನ್ ಸುತ್ತಮುತ್ತ ಅರ್ಧ ಊರು ಸೀನುತ್ತೆ. ನಿಮ್ಮಲ್ಲಿ ಯಾರಿಗಾದರೂ ಆ ಕಾಟ ಇದ್ದರೆ, ಯಾವ ತಿಂಗಳು ಶುರುವಾಗುತ್ತೆ, ಊರಿಗೆ ಹೋದಾಗ ನಿಲ್ಲುತ್ತಾ ಅಂತ ಬರೆದು ಕಳಿಸಿ.